ಗೆರೆಯ ಆಚೆ ಬಿದ್ದ ಚೆಂಡು

ಕೆಲವು ತಿಂಗಳ ಹಿಂದೆ ಒಂದು ಕಾಲೇಜಿನ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ‘ಕ್ರೀಡಾಪಟು ಸಮಾಜದ ಗೊಡವೆಗೆ ಹೋಗಬಾರದು’ ಎಂಬುದು ಅಂದಿನ ವಿಷಯ. ಪರವಾಗಿ ಮಾತನಾಡಿದ ಹುಡುಗ ಬಲು ಚುರುಕು. “ಅಕ್ಕಸಾಲಿಗ ಚಿನ್ನ ನೋಡಲಿ, ಕುಂಬಾರ ಮಣ್ಣು ನೋಡಲಿ, ಆಟಗಾರ ಚೆಂಡು ನೋಡಲಿ” ಎಂದು ಸಭೆಯನ್ನು ನಗಿಸಿದ. ವಿರುದ್ಧವಾಗಿ ಮಾತನಾಡಿದ ಹುಡುಗಿಗೆ ಅಷ್ಟು ಮಾತಿನ ಚಮತ್ಕಾರವಿರಲಿಲ್ಲ. ಅವಳು ಒಂದೇ ಪ್ರಶ್ನೆ ಕೇಳಿದಳು: “ಮೈದಾನಕ್ಕೆ ಹೋಗುವ ದಾರಿಯಲ್ಲಿಯೇ ಒಬ್ಬನನ್ನು ತಡೆದು ನಿಲ್ಲಿಸಿದರೆ, ಅವನು ಚೆಂಡನ್ನು ನೋಡಬೇಕೋ, ತಡೆದವರನ್ನು ನೋಡಬೇಕೋ?” ಬಹುಮಾನವನ್ನು ನಾವು ತೀರ್ಪುಗಾರರು ಹುಡುಗನಿಗೇ ಕೊಟ್ಟೆವು. ಮಾತಿನ ಓಟಕ್ಕೆ ಅಂಕಗಳಿದ್ದವು, ಉಚ್ಚಾರಣೆಯ ಶುದ್ಧಿಗೆ ಅಂಕಗಳಿದ್ದವು. ಪ್ರಶ್ನೆಯ ತೂಕಕ್ಕೆ ಬೇರೆ ಅಂಕಣವಿರಲಿಲ್ಲ. ಆದರೆ ಮನೆಗೆ ಹಿಂದಿರುಗುವಾಗ ನನ್ನ ಜೊತೆಯಲ್ಲಿ ಬಂದದ್ದು ಆ ಹುಡುಗಿಯ ಪ್ರಶ್ನೆ.

ಅದಕ್ಕೆ ಕಾರಣವುಂಟು. ನಾನು ಮೇಷ್ಟರಾಗಿ ಸೇರಿದ ಹೊಸತರಲ್ಲಿ ಶಾಲೆಯ ಓಟಗಾರರನ್ನು ಪರವೂರಿನ ಪಂದ್ಯಗಳಿಗೆ ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದೂರಿನಲ್ಲಿ ನಮ್ಮ ಊಟದ ಏರ್ಪಾಟನ್ನು ದೊಡ್ಡ ಮನೆಯೊಂದರವರು ವಹಿಸಿಕೊಂಡಿದ್ದರು. ಎಲ್ಲರಿಗೂ ಹಜಾರದಲ್ಲಿ ಎಲೆ ಹಾಕಿದರು. ನಮ್ಮ ಹುಡುಗರಲ್ಲೊಬ್ಬನ ಎಲೆ ಮಾತ್ರ ಜಗಲಿಯ ಕೆಳಗೆ, ಅಂಗಳದಲ್ಲಿ ಬಿತ್ತು. ಉಳಿದವರಿಗೆ ಹಿತ್ತಾಳೆಯ ಲೋಟ, ಅವನಿಗೆ ತೆಂಗಿನ ಚಿಪ್ಪು. ಯಾರೂ ಗದರಲಿಲ್ಲ, ಯಾರೂ ಬಯ್ಯಲಿಲ್ಲ. ಎಲ್ಲವೂ ಬಹು ನಯವಾಗಿಯೇ ನಡೆಯಿತು. ಅವನು ಉಣ್ಣದೆ ಎದ್ದು ನನ್ನ ಬಳಿ ಬಂದು, “ನಾಳೆ ನಾನು ಓಡಬೇಕಾ ಸಾರ್?” ಎಂದು ಕೇಳಿದ. “ಓಡು. ಗೆದ್ದು ತೋರಿಸು. ನಿನ್ನ ಕಾಲೇ ಅವರಿಗೆ ಉತ್ತರ ಹೇಳಲಿ” ಎಂದೆ. ಮರುದಿನ ಅವನು ಓಡಿದ, ಗೆದ್ದ. ಅದೇ ಮನೆಯವರು ಚಪ್ಪಾಳೆ ತಟ್ಟಿದರು. ಬಹುಮಾನದ ಬಟ್ಟಲನ್ನು ಹೊತ್ತು ಬಸ್ಸಿನಲ್ಲಿ ಬರುವಾಗ, ದೊಡ್ಡದೊಂದು ಪಾಠ ಹೇಳಿಕೊಟ್ಟೆನೆಂಬ ಹೆಮ್ಮೆ ನನಗೆ. ಮುಂದಿನ ವರ್ಷ ಅವನು ತಂಡಕ್ಕೆ ಬರಲಿಲ್ಲ. ಕರೆಸಿ ಕೇಳಿದರೆ, “ಕಾಲು ಹೇಳಿದ್ದು ಅವರಿಗೆ ಕೇಳಿಸಲಿಲ್ಲ ಸಾರ್” ಎಂದನಷ್ಟೆ.

ನನ್ನ ಉಪದೇಶ ಸರಿಯಾಗಿತ್ತೆ, ತಪ್ಪಾಗಿತ್ತೆ ಎಂಬುದನ್ನು ಬಹುಕಾಲ ನಿರ್ಧರಿಸಲಾರದೆ ಹೋದೆ. ಪೂರ್ತಿ ತಪ್ಪೆನ್ನಲು ಮನಸ್ಸು ಬಾರದು. ಸರಿಯೆಂದರೆ ಆ ಹುಡುಗನ ಮುಖ ಕಣ್ಣಿನ ಮುಂದೆ ಬರುತ್ತದೆ. ಅಮೆರಿಕದ ಟೆನಿಸ್ ಆಟಗಾರ ಆರ್ಥರ್ ಆಶ್‌ನ ಬಾಳನ್ನು ಓದಿದ ಮೇಲೆ ನನಗೆ ಉತ್ತರದ ಜಾಡು ಸಿಕ್ಕಿತೆನ್ನಬಹುದು. ಆತ ಗೆದ್ದ ಪದಕಗಳ ಪಟ್ಟಿಯನ್ನು ಒಪ್ಪಿಸುವುದು ಈ ಲೇಖನದ ಉದ್ದೇಶವಲ್ಲ. ‘ಗೆದ್ದು ತೋರಿಸು’ ಎಂಬ ಉಪದೇಶವನ್ನು ಅಕ್ಷರಶಃ ಪಾಲಿಸಿ, ಅದರ ಕೊನೆಯವರೆಗೂ ನಡೆದು ನೋಡಿ, ಅಲ್ಲಿಂದ ಮುಂದೆ ಇನ್ನೆಷ್ಟು ದಾರಿಯಿದೆಯೆಂಬುದನ್ನು ಕಂಡುಕೊಂಡ ಮನುಷ್ಯ ಆತ. ಆ ಕಾರಣಕ್ಕಾಗಿ ಆತನ ಕಥೆ ನನಗೆ ಬೇಕಾಯಿತು.

ಆಶ್ ಹುಟ್ಟಿದ್ದು 1943ರ ಜುಲೈ 10ರಂದು, ವರ್ಜೀನಿಯ ರಾಜ್ಯದ ರಾಜಧಾನಿ ರಿಚ್ಮಂಡಿನಲ್ಲಿ. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ರಾಜ್ಯಗಳ ಒಕ್ಕೂಟಕ್ಕೆ ಅಂತರ್ಯುದ್ಧದ ಕಾಲದಲ್ಲಿ ಅದೇ ರಾಜಧಾನಿಯಾಗಿದ್ದಿತು. ಆಶ್‌ನ ಬಾಲ್ಯದಲ್ಲಿ ಅಲ್ಲಿ ಬಸ್ಸು, ಶಾಲೆ, ಚಿತ್ರಮಂದಿರ, ಆಟದ ಮೈದಾನ ಎಲ್ಲವೂ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ. ಆತನ ತಂದೆ ಕಪ್ಪು ಜನರಿಗೆಂದು ಮೀಸಲಾಗಿದ್ದ ಬ್ರೂಕ್‌ಫೀಲ್ಡ್ ಎಂಬ ಉದ್ಯಾನದ ಮೇಲ್ವಿಚಾರಕ. ಸಂಸಾರದ ವಾಸ ಆ ಉದ್ಯಾನದೊಳಗಿನ ಮನೆಯಲ್ಲೇ. ಮನೆಯ ಪಕ್ಕದಲ್ಲೇ ಟೆನಿಸ್ ಅಂಗಳಗಳಿದ್ದವು. ಆರು ವರ್ಷದವನಾಗಿದ್ದಾಗ, 1950ರಲ್ಲಿ, ತಾಯಿ ತೀರಿಕೊಂಡಳು. ತಾಯಿಯಿಲ್ಲದ ಸಣಕಲು ಹುಡುಗ ಅಂಗಳದ ಅಂಚಿನಲ್ಲಿ ನಿಂತು ನೋಡುತ್ತಿದ್ದುದನ್ನು ಕಂಡು, ರಾನ್ ಚ್ಯಾರಿಟಿ ಎಂಬ ವಿದ್ಯಾರ್ಥಿ ಆತನ ಕೈಗೆ ರಾಕೆಟ್ ಕೊಟ್ಟು ಆಟ ಕಲಿಸಿದ. ಅದೇ ಊರಿನ ಬಿಳಿಯರ ಅಂಗಳಗಳಲ್ಲಿ ಒಳ್ಳೊಳ್ಳೆಯ ಪಂದ್ಯಗಳು ನಡೆಯುತ್ತಿದ್ದವು. ಅಲ್ಲಿ ಆಡಲು ಈ ಹುಡುಗನಿಗೆ ಅನುಮತಿಯಿರಲಿಲ್ಲ.

ಮುಂದೆ ಆತನ ಗುರುವಾದವರು ಲಿಂಚ್‌ಬರ್ಗ್ ಎಂಬ ಊರಿನ ವೈದ್ಯ ರಾಬರ್ಟ್ ವಾಲ್ಟರ್ ಜಾನ್ಸನ್. 1957 ಮತ್ತು 1958ರಲ್ಲಿ ವಿಂಬಲ್ಡನ್ ಗೆದ್ದ ಕಪ್ಪು ಮಹಿಳೆ ಆಲ್ತಿಯ ಗಿಬ್ಸನ್ನಳ ಏಳಿಗೆಯ ಹಿಂದೆಯೂ ಈ ಪುಣ್ಯಾತ್ಮನ ಕೈಯಿತ್ತು. ಬೇಸಗೆಯ ರಜೆಯಲ್ಲಿ ಕಪ್ಪು ಮಕ್ಕಳನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಟೆನಿಸ್ ಕಲಿಸುತ್ತಿದ್ದ ಡಾಕ್ಟರರು ಆಟದ ಜೊತೆಗೆ ಒಂದು ಶಿಸ್ತನ್ನೂ ಕಲಿಸುತ್ತಿದ್ದರು. ತೀರ್ಪಿಗೆ ಎದುರಾಡಬಾರದು. ರಾಕೆಟ್ ಎಸೆಯಬಾರದು. ಅಂಗಳ ಬದಲಾಯಿಸುವಾಗ ಚೆಂಡುಗಳನ್ನು ತಾನೇ ಎತ್ತಿ ಎದುರಾಳಿಯ ಕೈಗೆ ಕೊಡಬೇಕು. ಎಲ್ಲಕ್ಕಿಂತ ವಿಚಿತ್ರವಾದ ನಿಯಮ ಇನ್ನೊಂದು: ಎದುರಾಳಿಯ ಚೆಂಡು ಗೆರೆಯಿಂದ ಎರಡು ಅಂಗುಲ ಆಚೆ ಬಿದ್ದರೂ ಅದನ್ನು ಒಳಗೇ ಬಿದ್ದುದೆಂದು ಭಾವಿಸಿ ಆಡಬೇಕು! ಕಪ್ಪು ಹುಡುಗನೊಬ್ಬ ಮೋಸಮಾಡಿದನೆಂಬ ಆರೋಪಕ್ಕೆ ಎಳೆಯಷ್ಟೂ ಎಡೆಯಿರಬಾರದು. ಜಗಳಗಂಟನೆಂದು ಹೊರಗಟ್ಟಲು ಯಾರಿಗೂ ನೆಪ ಸಿಗಬಾರದು.

ಈ ನಿಯಮವನ್ನು ಮೊದಲ ಸಲ ಓದಿದಾಗ ನನಗೆ ಕೋಪ ಬಂದಿತ್ತು. ಅನ್ಯಾಯಕ್ಕೆ ಒಳಗಾದವನೇ ಇನ್ನೂ ಎರಡಂಗುಲ ಬಿಟ್ಟುಕೊಡಬೇಕೆಂದರೆ ಇದಾವ ನ್ಯಾಯ? ಆದರೆ ಡಾಕ್ಟರ್ ಜಾನ್ಸನ್ ಅಂಜುಬುರುಕರಾಗಿರಲಿಲ್ಲ. ಮುಚ್ಚಿದ ಬಾಗಿಲೊಳಗೆ ಒಂದು ಮಗುವನ್ನಾದರೂ ತೂರಿಸಬೇಕೆಂಬ ಹಟ ಅವರದು. ಅದಕ್ಕೆ ಆ ಕಾಲದಲ್ಲಿ ಕಂಡ ಉಪಾಯ ಇದು. ಇದರಲ್ಲಿ ಒಂದು ಗೂಢವಾದ ಲಾಭವೂ ಇದ್ದಿತು. ಗೆರೆಯಾಚೆಯ ಚೆಂಡನ್ನೂ ಹಿಂದಿರುಗಿಸುವ ಅಭ್ಯಾಸವಾದವನಿಗೆ ಗೆರೆಯೊಳಗಿನ ಚೆಂಡು ಸುಲಭವಾಗುತ್ತದೆ. ಮನಸ್ಸು ಕದಡದೆ ಆಡುವ ಶಕ್ತಿ ಆಶ್‌ಗೆ ಬಂದದ್ದು ಈ ಕಠಿಣ ಶಾಲೆಯಿಂದಲೇ.

ಆ ಶಕ್ತಿಯ ಫಲ ಜಗತ್ತಿಗೆ ತಿಳಿದೇ ಇದೆ. 1963ರಲ್ಲಿ ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ಆಟಗಾರನಾದ. ಲಾಸ್ ಏಂಜಲಿಸ್‌ನ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿವೇತನದ ಬಲದಿಂದ ಓದಿ ಪದವಿ ಪಡೆದು ಸೈನ್ಯದಲ್ಲಿ ಅಧಿಕಾರಿಯಾದ. 1968ರಲ್ಲಿ ಫಾರೆಸ್ಟ್ ಹಿಲ್ಸ್‌ನಲ್ಲಿ ನಡೆದ ಮೊದಲನೆಯ ಅಮೆರಿಕನ್ ಓಪನ್ ಪಂದ್ಯಾವಳಿಯ ಕೊನೆಯ ಆಟದಲ್ಲಿ ಹಾಲೆಂಡಿನ ಟಾಮ್ ಓಕರನನ್ನು ಐದು ಸೆಟ್‌ಗಳಲ್ಲಿ ಸೋಲಿಸಿದ. ಹವ್ಯಾಸಿಯಾಗಿದ್ದುದರಿಂದ 14,000 ಡಾಲರ್‌ಗಳ ಬಹುಮಾನ ಗೆದ್ದವನಿಗೆ ದಕ್ಕದೆ ಸೋತವನಿಗೆ ಹೋಯಿತು. ವಿಜಯಿಗೆ ದೊರೆತದ್ದು ದಿನಕ್ಕೆ 20 ಡಾಲರ್‌ಗಳ ಭತ್ಯೆ. 1970ರಲ್ಲಿ ಆಸ್ಟ್ರೇಲಿಯದ ಪ್ರಶಸ್ತಿ ಬಂತು. 1975ರಲ್ಲಿ, ಮೂವತ್ತೆರಡು ತುಂಬಲು ಇನ್ನು ಕೆಲವೇ ದಿನಗಳಿದ್ದಾಗ, ವಿಂಬಲ್ಡನ್ನಿನ ಅಂತಿಮ ಪಂದ್ಯದಲ್ಲಿ ಜಿಮ್ಮಿ ಕಾನರ್ಸ್‌ನನ್ನು ಎದುರಿಸಿದ.

ಆ ಪಂದ್ಯದ ವಿಚಾರವಾಗಿ ಒಂದು ಮಾತು ಹೇಳಲೇಬೇಕು. ಕಾನರ್ಸ್ ಒಂಬತ್ತು ವರ್ಷ ಕಿರಿಯವ, ಹಿಂದಿನ ವರ್ಷದ ವಿಜೇತ. ಆಶ್‌ನ ಮೇಲೆ ಮಾನನಷ್ಟದ ದಾವೆಯನ್ನೂ ಹೂಡಿದ್ದ. ಆಶ್ ಸೋಲುವುದು ಖಂಡಿತವೆಂದೇ ಪಂಡಿತರು ಬರೆದಿದ್ದರು. ಆಶ್‌ನ ಆಟವೆಂದರೆ ಬಿರುಸಿನ ಹೊಡೆತಗಳ ಆಟ. ಎದುರಾಳಿಗೆ ಬಿರುಸೇ ಆಹಾರ. ಅಂದು ಆಶ್ ತನ್ನ ಹುಟ್ಟುಗುಣವನ್ನೇ ಬಿಟ್ಟುಬಿಟ್ಟ. ಚೆಂಡನ್ನು ಮೆಲ್ಲಗೆ, ತಗ್ಗಾಗಿ, ಬಲವಿಲ್ಲದಂತೆ ಕಳುಹಿಸಿದ. ನಡುನಡುವೆ ತಲೆಯ ಮೇಲಿಂದ ಎತ್ತಿಹಾಕಿದ. ವಿರಾಮದಲ್ಲಿ ಕಣ್ಣುಮುಚ್ಚಿ ಕುಳಿತ. 6–1, 6–1, 5–7, 6–4. ಪುರುಷರ ವಿಭಾಗದಲ್ಲಿ ವಿಂಬಲ್ಡನ್ ಗೆದ್ದ ಕಪ್ಪು ಆಟಗಾರ ಇಂದಿಗೂ ಆತನೊಬ್ಬನೇ. ತನಗೆ ಚೆನ್ನಾಗಿ ಬರುವುದನ್ನು ಬಿಟ್ಟು, ಆ ಹೊತ್ತಿಗೆ ಬೇಕಾದುದನ್ನು ಆಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಈ ಗುಣವನ್ನು ವಾಚಕರು ನೆನಪಿನಲ್ಲಿಡಬೇಕು; ಆಶ್‌ನ ಸಾರ್ವಜನಿಕ ಜೀವನದ ಕೀಲಿಕೈ ಇದರಲ್ಲಿಯೇ ಇದೆ.

ಇನ್ನು ಆತ ಸಮಾಜದ ಗೊಡವೆಗೆ ಹೋದ ಬಗೆ. 1968 ಅಮೆರಿಕಕ್ಕೆ ಉರಿಯ ವರ್ಷ. ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಯಿತು. ಅಕ್ಟೋಬರಿನಲ್ಲಿ, ಮೆಕ್ಸಿಕೋ ನಗರದ ಒಲಿಂಪಿಕ್ಸ್‌ನಲ್ಲಿ, ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕದ ಪೀಠದ ಮೇಲೆ ತಲೆತಗ್ಗಿಸಿ, ಕಪ್ಪು ಕೈಗವಸಿನ ಮುಷ್ಟಿಯೆತ್ತಿ ನಿಂತರು. ಬಾಕ್ಸಿಂಗಿನ ಮಹಮ್ಮದ್ ಅಲಿ ವಿಯಟ್ನಾಂ ಯುದ್ಧಕ್ಕೆ ಹೋಗಲೊಲ್ಲದೆ ಹಿಂದಿನ ವರ್ಷವೇ ಪಟ್ಟ ಕಳೆದುಕೊಂಡಿದ್ದ. ಆಶ್ ಮಾತ್ರ ಸೈನ್ಯದ ಸಮವಸ್ತ್ರದಲ್ಲಿ, ಬಿಳಿಯರ ಕ್ಲಬ್ಬುಗಳಲ್ಲಿ, ಬಿಳಿಯ ಉಡುಪು ಧರಿಸಿ ಟೆನಿಸ್ ಆಡುತ್ತಿದ್ದ. ‘ಇವನು ನಮ್ಮವನೋ ಅವರವನೋ’ ಎಂದು ಆತನ ಜನರೇ ಕೇಳಿದರೆ ಆಶ್ಚರ್ಯವಿಲ್ಲ. ಆ ಪ್ರಶ್ನೆ ಆತನನ್ನು ಚುಚ್ಚಿತು. ಅದೇ ವರ್ಷದ ಮಾರ್ಚಿಯಲ್ಲಿ ವಾಷಿಂಗ್ಟನ್ನಿನ ಚರ್ಚೊಂದರಲ್ಲಿ, ಕಪ್ಪು ಕ್ರೀಡಾಪಟುಗಳು ತಮ್ಮ ಜನಕ್ಕಾಗಿ ದನಿಯೆತ್ತಬೇಕೆಂದು ಆತ ಮಾತನಾಡಿದ. ಸೈನ್ಯದ ಮೇಲಧಿಕಾರಿಗಳಿಗೆ ಅದು ಹಿಡಿಸಲಿಲ್ಲ. ಮರುವರ್ಷ ಗೆಳೆಯರೊಡನೆ ಸೇರಿ, ನಗರದ ಬಡ ಮಕ್ಕಳಿಗೆ ಟೆನಿಸ್ ಕಲಿಸುವ ಸಂಘವೊಂದನ್ನು ಕಟ್ಟಿದ. 1969ರಲ್ಲಿಯೇ ದಕ್ಷಿಣ ಆಫ್ರಿಕದ ಪಂದ್ಯಾವಳಿಯಲ್ಲಿ ಆಡಲು ರಹದಾರಿ ಕೇಳಿದ. ವರ್ಣಭೇದವನ್ನೇ ಕಾನೂನಾಗಿ ಮಾಡಿಕೊಂಡಿದ್ದ ಆ ಸರಕಾರ ನಿರಾಕರಿಸಿತು. ಆತ ಮತ್ತೆ ಕೇಳಿದ, ಅದು ಮತ್ತೆ ನಿರಾಕರಿಸಿತು. 1970ರಲ್ಲಿ ಆ ದೇಶವನ್ನು ಡೇವಿಸ್ ಕಪ್ಪಿನಿಂದ ಹೊರಗಿಟ್ಟುದರಲ್ಲಿ ಆಶ್‌ನ ವಾದದ ಪಾಲೂ ಇತ್ತು.

ಕೊನೆಗೆ 1973ರಲ್ಲಿ ರಹದಾರಿ ದೊರೆಯಿತು. ಪ್ರೇಕ್ಷಕರನ್ನು ಬಣ್ಣ ನೋಡಿ ಬೇರೆಬೇರೆ ಕೂರಿಸಕೂಡದು, ತಾನು ಎಲ್ಲಿಗೆ ಬೇಕಾದರೂ ಹೋಗುವೆ, ಏನು ಬೇಕಾದರೂ ಆಡುವೆ ಎಂಬ ಷರತ್ತುಗಳೊಡನೆ ಆತ ಜೊಹಾನ್ಸ್‌ಬರ್ಗಿಗೆ ಹೋದ. ಸಿಂಗಲ್ಸ್‌ನಲ್ಲಿ ಕೊನೆಯ ಪಂದ್ಯದವರೆಗೆ ಬಂದು ಸೋತ. ಓಕರನ ಜೊತೆಗೂಡಿ ಡಬಲ್ಸ್ ಗೆದ್ದ. ಸೊವೆಟೋದ ಮಕ್ಕಳಿಗೆ ಆಟ ಹೇಳಿಕೊಟ್ಟ. ಹೋದಲ್ಲೆಲ್ಲ ಹಿಂಬಾಲಿಸುತ್ತಿದ್ದ ಒಬ್ಬ ಹುಡುಗನನ್ನು, ಏಕೆ ಬರುತ್ತೀಯೆಂದು ಕೇಳಿದಾಗ, ನಿಜವಾಗಿ ಸ್ವತಂತ್ರನಾದ ಕಪ್ಪು ಮನುಷ್ಯನನ್ನು ತಾನು ಕಾಣುತ್ತಿರುವುದು ಇದೇ ಮೊದಲೆಂದು ಅವನು ಹೇಳಿದನಂತೆ. ಆದರೆ ಅಲ್ಲಿನ ಕಪ್ಪು ಪತ್ರಕರ್ತರಲ್ಲಿಯೇ ಕೆಲವರು ಆಶ್‌ನನ್ನು ನೇರವಾಗಿ ಖಂಡಿಸಿದರು. ‘ನೀನು ಬಂದುದರಿಂದ ಈ ಸರಕಾರಕ್ಕೆ ಮರ್ಯಾದೆ ಬಂತು, ನಮಗೇನು ಬಂತು?’ ಎಂಬುದು ಅವರ ಆಕ್ಷೇಪದ ಸಾರ.

ಇಲ್ಲಿ ನಮ್ಮ ದೇಶದ ಒಂದು ಪ್ರಕರಣ ನೆನಪಾಗುತ್ತದೆ. ಮಾರನೆಯ ವರ್ಷ, 1974ರಲ್ಲಿ, ಡೇವಿಸ್ ಕಪ್ಪಿನ ಅಂತಿಮ ಘಟ್ಟಕ್ಕೆ ಬಂದ ತಂಡಗಳು ಭಾರತ ಮತ್ತು ದಕ್ಷಿಣ ಆಫ್ರಿಕ. ವಿಜಯ್ ಅಮೃತರಾಜ್, ಆನಂದ್ ಅಮೃತರಾಜ್ ಸೋದರರ ಉತ್ಕರ್ಷದ ಕಾಲ. ಕಪ್ಪು ಕೈಗೆಟುಕುವಷ್ಟು ಹತ್ತಿರವಿತ್ತು. ವರ್ಣಭೇದದ ನೀತಿಯನ್ನು ವಿರೋಧಿಸಿ ಭಾರತ ಆಡಲೊಲ್ಲೆನೆಂದಿತು. ದಕ್ಷಿಣ ಆಫ್ರಿಕ ಚೆಂಡು ಮುಟ್ಟದೆ ವಿಜಯಿಯಾಯಿತು. ಆ ಕಪ್ಪನ್ನು ಭಾರತ ಇಂದಿನವರೆಗೂ ಗೆದ್ದಿಲ್ಲ. ಒಬ್ಬ ಹೋಗಿ ಆಡಿದ, ಇನ್ನೊಬ್ಬರು ಹೋಗದೆ ಬಿಟ್ಟರು. ಎರಡರ ಹಿಂದಿನ ಉದ್ದೇಶವೂ ಒಂದೇ. ಯಾವುದು ಸರಿ?

ಈ ಪ್ರಶ್ನೆಗೆ ಆಶ್‌ನೇ ಕಾಲಕ್ರಮದಲ್ಲಿ ಉತ್ತರ ಕೊಟ್ಟ. ಮಾತುಕತೆ, ಸಂಪರ್ಕ, ಸಜ್ಜನಿಕೆಯ ನಡೆ ಇವುಗಳಿಂದ ಆ ಕಲ್ಲುಗೋಡೆ ಕರಗೀತೆಂದು ಆತ ನಂಬಿದ್ದ. ಹಲವು ಸಲ ಹೋಗಿ ಬಂದ ಮೇಲೆ, ಕರಗದೆಂದು ಕಂಡುಕೊಂಡ. ತನ್ನನ್ನು ಖಂಡಿಸಿದವರ ಮಾತಿನಲ್ಲಿ ಸತ್ಯವಿತ್ತೆಂದು ಒಪ್ಪಿ ಬಹಿಷ್ಕಾರದ ಪಕ್ಷಕ್ಕೆ ಸೇರಿದ. 1983ರಲ್ಲಿ ಗಾಯಕ ಹ್ಯಾರಿ ಬೆಲಫಾಂಟೆಯೊಡನೆ, ದಕ್ಷಿಣ ಆಫ್ರಿಕಕ್ಕೆ ಕಲಾವಿದರೂ ಕ್ರೀಡಾಪಟುಗಳೂ ಹೋಗದಂತೆ ಒತ್ತಾಯಿಸುವ ಸಂಸ್ಥೆಯನ್ನು ಸ್ಥಾಪಿಸಿದ. 1985ರ ಜನವರಿಯಲ್ಲಿ ವಾಷಿಂಗ್ಟನ್ನಿನ ದಕ್ಷಿಣ ಆಫ್ರಿಕ ರಾಯಭಾರ ಕಚೇರಿಯ ಮುಂದೆ ಪ್ರತಿಭಟಿಸಿ ಬಂಧನಕ್ಕೊಳಗಾದ. ಆಗ ಆತ ಅಮೆರಿಕದ ಡೇವಿಸ್ ಕಪ್ ತಂಡದ ಕಪ್ತಾನ! ಚಿಕ್ಕಂದಿನಲ್ಲಿ ಗೆರೆಯಾಚೆಯ ಚೆಂಡನ್ನು ಮಾತಿಲ್ಲದೆ ಆಡಿದ ಹುಡುಗ, ನಲವತ್ತು ದಾಟಿದ ಮೇಲೆ, ‘ಇದು ಗೆರೆಯಾಚೆ ಬಿದ್ದಿದೆ’ ಎಂದು ಬೀದಿಯಲ್ಲಿ ನಿಂತು ಹೇಳಿದ. 1975ರ ಅಂಗಳದಲ್ಲಿ ತನ್ನ ಆಟವನ್ನು ಬದಲಾಯಿಸಿಕೊಂಡ ಮನಸ್ಸೇ ಇಲ್ಲಿಯೂ ಕೆಲಸ ಮಾಡಿತೆಂದು ನನ್ನ ಭಾವನೆ. ಅಭಿಪ್ರಾಯ ಬದಲಿಸುವವರನ್ನು ನಾವು ಗಾಳಿಗೆ ತೂರಿಕೊಳ್ಳುವವರೆಂದು ಹಳಿಯುತ್ತೇವೆ. ಲಾಭಕ್ಕಾಗಿ ಬದಲಿಸುವವನಿಗೂ, ನಷ್ಟವಿದ್ದರೂ ಸತ್ಯ ಕಂಡು ಬದಲಿಸುವವನಿಗೂ ಅಜಗಜಾಂತರವಿದೆ.

ಹಾಗೆಂದು ಆತ ತನ್ನ ಜನ ಮೆಚ್ಚುವುದನ್ನೇ ಆಡುತ್ತಿದ್ದನೆಂದು ತಿಳಿಯಬಾರದು. ಪರೀಕ್ಷೆಯಲ್ಲಿ ನಿಗದಿಯಾದ ಅಂಕ ಪಡೆಯದ ವಿದ್ಯಾರ್ಥಿಗಳಿಗೆ ಕ್ರೀಡೆಯ ವಿದ್ಯಾರ್ಥಿವೇತನ ಕೊಡಬಾರದೆಂಬ ನಿಯಮ 1989ರಲ್ಲಿ ಅಮೆರಿಕದ ಕಾಲೇಜು ಕ್ರೀಡಾವಲಯದಲ್ಲಿ ಚರ್ಚೆಗೆ ಬಂತು. ಇದರಿಂದ ಕಪ್ಪು ಮಕ್ಕಳಿಗೇ ಏಟೆಂದು ಕಪ್ಪು ತರಬೇತುದಾರರು ಕೆರಳಿದರು. ಆಶ್ ನಿಯಮದ ಪರವಾಗಿ ನಿಂತ. ನಮ್ಮ ಮಕ್ಕಳಿಂದ ಓದನ್ನು ಅಪೇಕ್ಷಿಸದಿರುವುದೂ ಒಂದು ಬಗೆಯ ಅವಮಾನವೆಂಬುದು ಆತನ ನಿಲುವು. ಈ ವಿಷಯದಲ್ಲಿ ನನಗೆ ಆತನೊಡನೆ ಪೂರ್ಣ ಸಹಮತವಿಲ್ಲ. ಕೆಟ್ಟ ಶಾಲೆ ಕೊಟ್ಟವರನ್ನು ಬಿಟ್ಟು ಕೆಟ್ಟ ಶಾಲೆಯಲ್ಲಿ ಓದಿದವನನ್ನು ದಂಡಿಸುವ ನಿಯಮ ಅದೆಂದು ನನಗೆ ತೋರುತ್ತದೆ. ಆದರೆ ಆತ ಹೇಳಿದ ಮಾತಿನ ಹಿಂದಿನ ಕಳವಳ ಮೇಷ್ಟರಾದ ಯಾರಿಗೂ ಅರ್ಥವಾಗದೆ ಇರದು. ಓಟದ ಬಟ್ಟಲುಗಳನ್ನು ಶಾಲೆಗೆ ತಂದುಕೊಟ್ಟು, ತಾನು ಬರಿಗೈಯಲ್ಲಿ ಶಾಲೆಬಿಟ್ಟ ಹುಡುಗರನ್ನು ನಾವೆಷ್ಟು ಮಂದಿಯನ್ನು ಕಂಡಿಲ್ಲ!

ಸಾಹಿತ್ಯದ ಓದುಗರಿಗೆ ಆಶ್‌ನ ಇನ್ನೊಂದು ಕೆಲಸ ಮುಖ್ಯವೆನಿಸಬೇಕು. 1980ರ ದಶಕದ ಮೊದಲಲ್ಲಿ ಫ್ಲಾರಿಡದ ಒಂದು ಕಾಲೇಜಿನಲ್ಲಿ ಕಪ್ಪು ಕ್ರೀಡಾಪಟುಗಳ ಕುರಿತು ಪಾಠ ಹೇಳಲು ಹೊರಟಾಗ, ಕೈಗೆ ತೆಗೆದುಕೊಳ್ಳಬಹುದಾದ ಒಂದು ಸಮಗ್ರ ಗ್ರಂಥವೂ ಆತನಿಗೆ ಸಿಗಲಿಲ್ಲ. ಇಲ್ಲವೆಂದು ಕೈಕಟ್ಟಿ ಕೂರುವ ಬದಲು ತಾನೇ ಬರೆಯಲು ಕುಳಿತ. ಸಹಾಯಕರನ್ನಿಟ್ಟುಕೊಂಡು, ತನ್ನ ಸ್ವಂತ ಹಣ ಸುರಿದು, ವರ್ಷಗಟ್ಟಲೆ ಹಳೆಯ ಪತ್ರಿಕೆ ದಾಖಲೆಗಳನ್ನು ಶೋಧಿಸಿ, 1988ರಲ್ಲಿ ‘ಎ ಹಾರ್ಡ್ ರೋಡ್ ಟು ಗ್ಲೋರಿ’ ಎಂಬ ಮೂರು ಸಂಪುಟಗಳ ಇತಿಹಾಸವನ್ನು ಹೊರತಂದ. ಕೂಗಿ ಹೇಳುವುದೊಂದೇ ಹೋರಾಟವಲ್ಲ; ಮರೆತುಹೋದವರ ಹೆಸರುಗಳನ್ನು ಹುಡುಕಿ ಬರೆದಿಡುವುದೂ ಹೋರಾಟವೇ.

ಈ ಮಾತು ಬರೆಯುವಾಗ ನನಗೆ ಪಾಲ್ವಣಕರ ಬಾಳೂ ನೆನಪಾಗುತ್ತಾರೆ. ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಕುಲದ ಬಾಳೂ, ಪುಣೆ ಮುಂಬಯಿಗಳಲ್ಲಿ ಆ ಕಾಲದ ಅತಿಶ್ರೇಷ್ಠ ಬೌಲರ್ ಎನಿಸಿಕೊಂಡರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತವರು ಅವರೊಬ್ಬರೇ. ಪುಣೆಯಲ್ಲಿ ಆಟದ ನಡುವೆ ಉಳಿದವರು ಒಳಗೆ ಕುಳಿತು ಪಿಂಗಾಣಿ ಬಟ್ಟಲಲ್ಲಿ ಚಹ ಕುಡಿದರೆ, ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ದೊರೆಯಲಿಲ್ಲ. ಬಹಳ ಗಲಾಟೆಯ ಮೇಲೆ 1923ರಲ್ಲಿ ಅವರ ತಮ್ಮ ವಿಠ್ಠಲರಿಗೆ ದೊರೆಯಿತು. ರಾಮಚಂದ್ರ ಗುಹಾ 2002ರಲ್ಲಿ ತಮ್ಮ ಕ್ರಿಕೆಟ್ ಚರಿತ್ರೆಯಲ್ಲಿ ವಿವರವಾಗಿ ಬರೆಯುವವರೆಗೆ, ಧಾರವಾಡದಲ್ಲಿ ಓದಿದವರಲ್ಲಿಯೂ ಬಾಳೂ ಹೆಸರು ಕೇಳಿದವರೆಷ್ಟು ಮಂದಿ ಇದ್ದರು? ಮಣ್ಣಿನ ಕುಡಿಕೆಗೂ, ನಾನು ಅಂದು ಅಂಗಳದಲ್ಲಿ ಕಂಡ ತೆಂಗಿನ ಚಿಪ್ಪಿಗೂ ನಡುವೆ ಎಷ್ಟು ದಶಕಗಳ ಅಂತರ! ಬಾಳೂ ಕೈಯ ಚೆಂಡೂ ಬೇಕಾದಷ್ಟು ಉತ್ತರ ಹೇಳಿತ್ತಲ್ಲವೆ?

ಆಶ್‌ನ ಕೊನೆಯ ವರ್ಷಗಳು ದಾರುಣವಾದವು. 1979ರಲ್ಲಿ, ಮೂವತ್ತಾರರ ವಯಸ್ಸಿಗೆ, ಹೃದಯಾಘಾತ. ಶಸ್ತ್ರಚಿಕಿತ್ಸೆಯಾಯಿತು, ಆಟ ನಿಂತಿತು. 1983ರಲ್ಲಿ ಮತ್ತೊಂದು ಶಸ್ತ್ರಚಿಕಿತ್ಸೆ. ದಾನದ ರಕ್ತದಲ್ಲಿ ಎಚ್‌ಐವಿ ಸೋಂಕನ್ನು ಪರೀಕ್ಷಿಸುವ ವಿಧಾನ ಬಂದದ್ದು 1985ರಲ್ಲಿ. ಅದಕ್ಕೆ ಮೊದಲು ಆತನಿಗೆ ಕೊಟ್ಟ ರಕ್ತದಿಂದ ಸೋಂಕು ತಗಲಿತು. 1988ರಲ್ಲಿ ಅದು ತಿಳಿಯಿತು. ಹೆಂಡತಿ ಜೀನ್ ಮುತ್ತುಸಾಮಿ ಛಾಯಾಚಿತ್ರಕಾರ್ತಿ. ಆ ಹೆಸರನ್ನು ಕೇಳಿದೊಡನೆ ದಕ್ಷಿಣ ಭಾರತದ ‘ಮುತ್ತುಸ್ವಾಮಿ’ಯನ್ನು ನಮ್ಮ ಕಿವಿ ಗುರುತಿಸುತ್ತದೆ. ಸಾಕುಮಗಳು ಇನ್ನೂ ಎಳೆಯ ಮಗು. ಆ ಮಗುವಿನ ನೆಮ್ಮದಿಗಾಗಿ ಗಂಡಹೆಂಡಿರು ವಿಷಯವನ್ನು ಗುಟ್ಟಾಗಿಟ್ಟರು. 1992ರ ಏಪ್ರಿಲಿನಲ್ಲಿ ದೊಡ್ಡ ಪತ್ರಿಕೆಯೊಂದು ವಿಚಾರಿಸತೊಡಗಿದಾಗ, ಬೇರೆಯವರು ಹೇಳುವುದಕ್ಕಿಂತ ಮೊದಲೇ ತಾನೇ ಹೇಳಬೇಕಾಯಿತು. ಲೋಕದ ಮುಂದೆ ಓದುತ್ತಿದ್ದಾಗ ಮಗಳ ಮಾತು ಬಂದೊಡನೆ ಆತನ ಕೊರಳು ಕಟ್ಟಿತು. ಉಳಿದುದನ್ನು ಹೆಂಡತಿ ಓದಿದಳು.

ಸಾರ್ವಜನಿಕ ವ್ಯಕ್ತಿಗೆ ಗುಟ್ಟೆಂಬುದು ಇರಕೂಡದೆ? ಲೋಕಕ್ಕಾಗಿ ದುಡಿಯುವವನ ರೋಗವೂ ಲೋಕದ ಸೊತ್ತೆ? ಆತ ಪದವಿಯನ್ನು ಬಯಸಿದವನಲ್ಲ, ಜನರ ಹಣವನ್ನು ಮುಟ್ಟಿದವನಲ್ಲ. ಆ ಪತ್ರಿಕೆಯ ಕುತೂಹಲವನ್ನು ನಾನು ಧರ್ಮವೆನ್ನಲಾರೆ. ಆದರೆ ಗುಟ್ಟು ಬಯಲಾದ ಮೇಲೆ ಆಶ್ ಮಾಡಿದ್ದೇನು? ಆ ರೋಗದ ವಿರುದ್ಧ ಹೋರಾಡಲು ಸಂಸ್ಥೆಯೊಂದನ್ನು ಕಟ್ಟಿದ. ಅದೇ ಡಿಸೆಂಬರ್ 1ರಂದು ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದ. ಅದಕ್ಕೆ ಮುಂಚೆ, ಸೆಪ್ಟೆಂಬರಿನಲ್ಲಿ, ಹೈಟಿ ದೇಶದಿಂದ ದೋಣಿಗಳಲ್ಲಿ ಬಂದ ನಿರಾಶ್ರಿತರನ್ನು ಹಿಂದಕ್ಕಟ್ಟುವ ನೀತಿಯನ್ನು ಪ್ರತಿಭಟಿಸಿ ಶ್ವೇತಭವನದ ಮುಂದೆ ಮತ್ತೊಮ್ಮೆ ಬಂಧನಕ್ಕೊಳಗಾದ. ಸಾವು ಹೊಸ್ತಿಲಲ್ಲಿ ನಿಂತಿದ್ದಾಗ, ತನ್ನ ದೇಶದವರೂ ಅಲ್ಲದವರಿಗಾಗಿ! ಈ ಮಾರಕ ರೋಗಕ್ಕಿಂತ ಕಪ್ಪು ಮನುಷ್ಯನಾಗಿ ಬಾಳಿದ್ದೇ ಹೆಚ್ಚು ಭಾರದ ಹೊರೆಯೆಂದು ಆತ ಹೇಳಿದುದುಂಟು. ಸೌಮ್ಯನೆಂದು ಹೆಸರಾದವನ ಬಾಯಿಂದ ಬಂದ ಆ ಮಾತು ಯಾವ ಮುಷ್ಟಿಗಿಂತಲೂ ಬಲವಾಗಿ ತಾಗುತ್ತದೆ. 1993ರ ಫೆಬ್ರವರಿ 6ರಂದು, ನಲವತ್ತೊಂಬತ್ತರ ವಯಸ್ಸಿನಲ್ಲಿ, ಆತ ತೀರಿಕೊಂಡ.

ರಿಚ್ಮಂಡಿನಲ್ಲಿ ರಾಜ್ಯಪಾಲರ ಭವನದಲ್ಲಿ ಆತನ ಪಾರ್ಥಿವ ಶರೀರವನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟರು. ಅಂಥ ಗೌರವ ಅಲ್ಲಿ ಅದಕ್ಕೆ ಹಿಂದೆ ದೊರೆತದ್ದು 1863ರಲ್ಲಿ, ಗುಲಾಮಗಿರಿಯ ಪಕ್ಷದ ಸೇನಾನಿ ಸ್ಟೋನ್‌ವಾಲ್ ಜಾಕ್ಸನ್ನನಿಗೆ. ಅದೇ ಊರಿನ ಮಾನ್ಯುಮೆಂಟ್ ಅವೆನ್ಯೂ ಎಂಬ ರಾಜಮಾರ್ಗದ ಉದ್ದಕ್ಕೂ ಅಂಥ ಸೇನಾನಿಗಳ ಭಾರಿ ಪ್ರತಿಮೆಗಳಿದ್ದವು. 1996ರಲ್ಲಿ, ಸಾಕಷ್ಟು ವಾಗ್ವಾದದ ನಂತರ, ಅದೇ ಬೀದಿಯಲ್ಲಿ ಆಶ್‌ನ ಪ್ರತಿಮೆಯನ್ನು ನಿಲ್ಲಿಸಿದರು: ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ರಾಕೆಟ್, ಸುತ್ತ ಮಕ್ಕಳು. 2020 ಮತ್ತು 2021ರಲ್ಲಿ ಸೇನಾನಿಗಳ ಪ್ರತಿಮೆಗಳನ್ನೆಲ್ಲ ಒಂದೊಂದಾಗಿ ಇಳಿಸಲಾಯಿತು. ಬಾಲ್ಯದಲ್ಲಿ ಯಾರಿಗೆ ಆ ಊರಿನ ಟೆನಿಸ್ ಅಂಗಳದೊಳಗೆ ಕಾಲಿಡಲು ಬಿಡಲಿಲ್ಲವೋ ಆತನ ಪ್ರತಿಮೆ ಆ ಸಾಲಿನಲ್ಲಿ ಉಳಿಯಿತು.

ಈಗ ನನ್ನ ಪ್ರಶ್ನೆಗೆ ಹಿಂದಿರುಗುತ್ತೇನೆ. ‘ಓಡು, ಗೆದ್ದು ತೋರಿಸು’ ಎಂದು ನಾನು ಹೇಳಿದ್ದು ತಪ್ಪಲ್ಲ; ಅರ್ಧ. ಡಾಕ್ಟರ್ ಜಾನ್ಸನ್ನರೂ ಅದನ್ನೇ ಹೇಳಿದರು. ಆದರೆ ಅವರು ಹೇಳಿದ್ದು ತಾವೂ ಗೆರೆಯ ಆಚೆಗೇ ನಿಂತು, ಮಕ್ಕಳಿಗೆ ತಮ್ಮ ಮನೆಯಲ್ಲಿ ಅನ್ನ ಹಾಕಿ. ನಾನು ಹೇಳಿದ್ದು ಹಜಾರದಲ್ಲಿ ಹಿತ್ತಾಳೆಯ ಲೋಟ ಹಿಡಿದು. ಸಹನೆಯನ್ನು ಉಪದೇಶಿಸುವ ಹಕ್ಕು ಸಹಿಸಬೇಕಾಗಿಲ್ಲದವನಿಗೆ ಎಷ್ಟರಮಟ್ಟಿಗೆ ಇದೆ? ಅಂದು ಆ ಹುಡುಗನಿಗೆ ಬೇಕಾಗಿದ್ದುದು ಉಪದೇಶವಲ್ಲ. ನಾನೂ ನನ್ನ ಎಲೆಯನ್ನು ಎತ್ತಿಕೊಂಡು ಅಂಗಳಕ್ಕೆ ಇಳಿಯಬೇಕಾಗಿತ್ತು. ಆಮೇಲೆ ‘ಓಡು’ ಎಂದಿದ್ದರೆ ಆ ಮಾತಿಗೆ ಬೆಲೆಯಿರುತ್ತಿತ್ತು.

ಕ್ರೀಡಾಪಟುಗಳೆಲ್ಲರೂ ಬೀದಿಗಿಳಿಯಬೇಕೆಂದು ನಾನು ಹೇಳುವವನಲ್ಲ. ಆಡುವುದೇ ಕೆಲವರ ಪಾಲಿನ ಸೇವೆ, ಅದೂ ದೊಡ್ಡದೇ. ಆದರೆ ಆಡಬಂದವನು ಮಾತನಾಡಿದಾಗ ‘ನಿನಗೇಕೆ ಇದು?’ ಎನ್ನುವ ಹಕ್ಕು ನೋಡುತ್ತ ಕುಳಿತ ನಮಗಿಲ್ಲ. ಗೆರೆಯನ್ನು ಎಳೆದವರು ನಾವು. ಚೆಂಡು ಆಚೆ ಬಿತ್ತೆಂದು ಆಟಗಾರನೇ ಕೂಗಬೇಕಾಗಿ ಬಂದರೆ, ಅದಕ್ಕೆ ಮೊದಲು ಕೂಗಬೇಕಾಗಿದ್ದ ನಾವು ಸುಮ್ಮನಿದ್ದೆವೆಂದೇ ಅರ್ಥ.

ಚರ್ಚಾಸ್ಪರ್ಧೆಯ ಆ ಹುಡುಗಿಯ ಹೆಸರನ್ನು ನಾನು ಬರೆದಿಟ್ಟುಕೊಳ್ಳಲಿಲ್ಲ. ಈ ಲೇಖನ ಅವಳ ಕಣ್ಣಿಗೆ ಬಿದ್ದರೆ, ಅಂದು ಕೊಡದೆ ಹೋದ ಬಹುಮಾನವೆಂದು ಇದನ್ನು ಸ್ವೀಕರಿಸಲಿ. ಆ ಓಟಗಾರನಿಗೆ ಏನು ಕೊಡಬೇಕೆಂಬುದು ಮಾತ್ರ ನನಗೆ ಇನ್ನೂ ಹೊಳೆದಿಲ್ಲ.